ಪಾರಿಜಾತದ ಒಡ್ಡೋಲಗ

ಒಂದು ಹೂವಿನಿಂದ ಒಂದು ಅರಮನೆ ಎರಡಾಗಬಹುದೆ? ಆಗಬಹುದೆಂದು ಬೆಳಗಿನವರೆಗೆ ಆಡಿ ತೋರಿಸುವ ಆಟವೊಂದು ನಮ್ಮ ಗೋಕಾಕ, ಹುಕ್ಕೇರಿ ಸೀಮೆಯಲ್ಲಿದೆ. ಅದೇ ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನ ಕೃತಿಯನ್ನು ತಿದ್ದಿ ತೀಡಿ ಅದಕ್ಕೆ ಈಗಿನ ಆಟದ ರೂಪವನ್ನು ಕೊಟ್ಟವನು ಕುಲಗೋಡು ತಮ್ಮಣ್ಣ. ಕುಲಗೋಡು ಹಿಂದೆ ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿ ತಾಲೂಕಿಗೆ ಸೇರಿದೆ.

ಕಥೆ ಎಲ್ಲರೂ ಬಲ್ಲದ್ದೇ. ನಾರದನು ಸ್ವರ್ಗದಿಂದ ಒಂದು ಪಾರಿಜಾತವನ್ನು ತರುತ್ತಾನೆ. ಕೃಷ್ಣನು ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ತಿಳಿದ ಸತ್ಯಭಾಮೆ ಮುನಿದು ಮಲಗುತ್ತಾಳೆ. ಇದನ್ನು ಸವತಿಯರ ಮತ್ಸರವೆಂದಷ್ಟೇ ಓದುವವರುಂಟು; ನನಗೆ ಆ ಓದು ಒಪ್ಪಿಗೆಯಿಲ್ಲ. ನಾರದನು ಎರಡು ಹೂ ತಂದಿದ್ದರೆ ಜಗಳವೇ ಇಲ್ಲ. ಒಂದೇ ತಂದನಾದ್ದರಿಂದ, ಯಾರು ಮೊದಲು, ಯಾರು ಅನಂತರ ಎಂಬ, ಅಲ್ಲಿಯವರೆಗೆ ಯಾರೂ ಬಾಯಿಬಿಟ್ಟು ಕೇಳದಿದ್ದ ಪ್ರಶ್ನೆ ಬಯಲಿಗೆ ಬಿತ್ತು. ರಾಜಕಾರಣ ಶುರುವಾಗುವುದು ಅಲ್ಲಿಯೇ.

ಇದೆಲ್ಲ ಇತ್ತೀಚೆಗೆ ನೆನಪಾಗಲು ನನ್ನ ಮೊಮ್ಮಗನೇ ಕಾರಣ. ಗೆಳೆಯರೊಡನೆ ಮೇಜಿನ ಸುತ್ತ ಕುಳಿತು ಅವನೊಂದು ಆಟವಾಡುತ್ತಾನೆ. 1991ರಲ್ಲಿ ಅಮೆರಿಕದಲ್ಲಿ ಹೊರಬಂದ 'ವ್ಯಾಂಪೈರ್: ದಿ ಮಾಸ್ಕರೇಡ್' ಎಂಬುದು ಅದರ ಹೆಸರು. ಆಡುವವರೆಲ್ಲ ರಕ್ತ ಹೀರುವ ಪಿಶಾಚಿಗಳು! ಮೊದಲು ನಾನು ಮೂಗು ಮುರಿದೆ. ಕೇಳುತ್ತ ಹೋದಂತೆ ಬೆರಗಾಯಿತು. ನಗರಕ್ಕೊಬ್ಬ 'ಪ್ರಿನ್ಸ್', ಅಂದರೆ ಅರಸ. ಅವನ ಸುತ್ತ ಕುಲಗಳ ಹಿರಿಯರ ಸಭೆ. ಅದಕ್ಕೆ 'ಪ್ರೈಮೊಜೆನ್' ಎನ್ನುತ್ತಾರೆ. ಯಾರಿಗೆ ಮಾನ, ಯಾರಿಗೆ ಅವಮಾನ ಎಂದು ಮಾತಿನಲ್ಲೇ ತೂಗುವ 'ಹಾರ್ಪಿ'ಗಳು ಬೇರೆ. ಅಲ್ಲಿ ಕತ್ತಿಗಿಂತ ದೊಡ್ಡದು ಉಪಕಾರದ ಋಣ: ನೀನು ನನಗೆ ಮಾಡಿದ ಸಹಾಯಕ್ಕೆ ನಾನು ಎಂದಾದರೊಮ್ಮೆ ಬೆಲೆ ತೆರಲೇಬೇಕು. ಕಥೆಯನ್ನು ನಡೆಸುವವನೊಬ್ಬ ಇರುತ್ತಾನೆ. ಆಡುವವರು ತಮ್ಮ ಮಾತನ್ನು ಆಗಲೇ ಕಟ್ಟಿಕೊಳ್ಳುತ್ತಾರೆ.

"ಇದು ನಮ್ಮ ಭಾಗವತನ ಕೆಲಸವಲ್ಲವೇನೋ?" ಎಂದೆ. ಅವನಿಗೆ ಭಾಗವತನೆಂದರೆ ಯಾರೆಂಬುದೇ ಗೊತ್ತಿರಲಿಲ್ಲ.

ಬಯಲಾಟದ ಒಡ್ಡೋಲಗವನ್ನು ಕಂಡವರಿಗೆ ಇದು ಹೊಸದಲ್ಲ. ಪಾತ್ರ ರಂಗಕ್ಕೆ ಬರುತ್ತಲೇ, ನೀನಾರು, ಬಂದ ಕಾರಣವೇನು ಎಂಬ ಪ್ರಶ್ನೆ ಎದುರಾಗುತ್ತದೆ. ಅರಸನಾದರೂ ತನ್ನ ಬಿರುದನ್ನು ತಾನೇ ಹೇಳಿ ಸಭೆಯನ್ನು ಒಪ್ಪಿಸಬೇಕು. ಪಾರಿಜಾತದಲ್ಲಿ ಹಾಡುಗಳು ಕಟ್ಟಿಟ್ಟವು. ನಡುವಣ ಮಾತಿನ ಬಹುಭಾಗ ಆ ರಾತ್ರಿಯದು. ಈ ಸಲುಗೆಯನ್ನು ಪೂರ್ತಿಯಾಗಿ ಬಳಸಿಕೊಳ್ಳುವವಳು ದೂತಿ. ಒಡತಿಯ ಪರವಾಗಿ ಬಂದ ಆಕೆ ಜಗದೊಡೆಯನನ್ನು ನಮ್ಮೂರ ಮಾತಿನಲ್ಲಿಯೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ನಾನು ಹುಡುಗನಾಗಿದ್ದಾಗ ಜಾತ್ರೆಯೊಂದರಲ್ಲಿ, ಊರ ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತಿರುವಂತೆಯೇ ದೂತಿಯೊಬ್ಬಳು, "ಹಂಚಾಕ ಬರದವರು ಯಾಕ ದೊಡ್ಡವರಾಗಬೇಕ್ರಿ?" ಎಂದು ಕೃಷ್ಣನನ್ನು ಕೇಳಿದಳು. ಹಿಂದೆ ಕುಳಿತ ಜನ ನಕ್ಕ ರೀತಿಯಿಂದ, ಬಾಣ ಕೃಷ್ಣನಿಗಷ್ಟೇ ಬಿಟ್ಟದ್ದಲ್ಲವೆಂದು ನನಗೂ ತಿಳಿಯಿತು. ಹಗಲಿನ ಪಂಚಾಯಿತಿಯಲ್ಲಿ ಆ ಮಾತನ್ನು ಆಡುವ ಎದೆ ಅವರಲ್ಲಿ ಯಾರಿಗೂ ಇರಲಿಲ್ಲ.

ಆ ದೂತಿ ಸೀರೆಯುಟ್ಟ ಗಂಡಸು ಎಂಬುದನ್ನೂ ಹೇಳಬೇಕು. ಹೆಣ್ಣಿನ ಹಟ, ಹೆಣ್ಣಿನ ವಾದ ಎಲ್ಲವನ್ನೂ ಬಹುಕಾಲ ಗಂಡಸರೇ ಆಡಿದರು. ಅಂಥ ರಂಗದಲ್ಲಿ ಹೆಣ್ಣಾಗಿಯೇ ನಿಂತು ಹೆಸರು ಪಡೆದವರು ಕೌಜಲಗಿ ನಿಂಗಮ್ಮ. ಸತ್ಯಭಾಮೆಯ ಪ್ರಶ್ನೆ ಹೆಣ್ಣಿನ ಕಂಠದಿಂದಲೇ ಬಂದಾಗ ಅದರ ತೂಕವೇ ಬೇರೆಯಾಗಿರಬೇಕು.

ಮೊಮ್ಮಗನ ಆಟಕ್ಕೂ ನಮ್ಮ ಆಟಕ್ಕೂ ಒಂದು ಅಂತರವುಂಟು. ಅವರ ಸಭೆಯಲ್ಲಿ ಕೊನೆ ಏನೆಂದು ಯಾರಿಗೂ ಗೊತ್ತಿಲ್ಲ, ನೋಡುವವರೂ ಇಲ್ಲ. ನಮ್ಮಲ್ಲಿ ಕೊನೆ ಮಕ್ಕಳಿಗೂ ಗೊತ್ತು. ಕೃಷ್ಣನು ಇಂದ್ರನನ್ನು ಗೆದ್ದು ಮರವನ್ನೇ ತಂದು ಸತ್ಯಭಾಮೆಯ ಅಂಗಳದಲ್ಲಿ ನೆಡುತ್ತಾನೆ. ಆದರೆ ಅದರ ಹೂಗಳು ಉದುರುವುದು ಮಾತ್ರ ರುಕ್ಮಿಣಿಯ ಅಂಗಳದಲ್ಲಿ ಎಂದು ನಮ್ಮ ಜನ ಹೇಳುತ್ತಾರೆ.