ದೊಡ್ಡಾಟದ ಹಿಮ್ಮೇಳವೂ ನಗರದ ಮಟ್ಟುಗಳೂ

ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಗಳ ಸೀಮೆಗೆ ಪರಿಚಿತವಾದ ದೊಡ್ಡಾಟವು ಮುಖ್ಯವಾಗಿ ಕುಣಿತವನ್ನು ಆಶ್ರಯಿಸಿದ ಕಲೆಯಾಗಿದೆ. ಭಾಗವತನು ಪದವನ್ನೆತ್ತಲು ವೇಷಧಾರಿಯು ಮದ್ದಳೆಯ ನಡೆಗೆ ಹೆಜ್ಜೆಯಿಡುವನು, ಮಾತು ಆಮೇಲಿನದು. ಮದ್ದಳೆ, ತಾಳ, ಮುಖವೀಣೆಗಳೇ ಇದರ ಹಳೆಯ ಹಿಮ್ಮೇಳ.

ನಗರದ ಸಂಗೀತವು ಇದಕ್ಕೆ ಬಂದು ಸೇರಿದುದು ವೃತ್ತಿನಾಟಕಮಂಡಲಿಗಳ ಮೂಲಕ. 1880ರಲ್ಲಿ ಪುಣೆಯಲ್ಲಿ ರಂಗವೇರಿದ ಕಿರ್ಲೋಸ್ಕರರ ‘ಶಾಕುಂತಲ’ದ ತರುವಾಯ ಮರಾಠಿ ರಂಗಗೀತಗಳ ಮಟ್ಟುಗಳು ಕನ್ನಡ ನಾಟಕಗಳಿಗೂ ಹರಿದುಬಂದವು. ಯುರೋಪಿನಲ್ಲಿ ಹುಟ್ಟಿದ ಹಾರ್ಮೋನಿಯಮ್ಮು ಕ್ರಮೇಣ ಬಯಲಾಟದ ಹಿಮ್ಮೇಳದಲ್ಲಿಯೂ ನೆಲೆಗೊಂಡಿತು. ಇದರಿಂದ ಶ್ರುತಿಗೆ ಸ್ಥಿರವಾದ ಆಧಾರ ದೊರೆತುದು ಲಾಭ. ಸ್ವರದಿಂದ ಸ್ವರಕ್ಕೆ ಜಾರುವ ಮುಖವೀಣೆಯ ಬಳುಕು ಈ ವಾದ್ಯಕ್ಕೆ ಸಾಧ್ಯವಾಗದಿರುವುದು ನಷ್ಟ.

ಇಂಥ ಮಿಶ್ರಣಕ್ಕೆ ಕ್ಯೂಬಾ ದ್ವೀಪದ ನೃತ್ಯಸಂಗೀತವು ಒಳ್ಳೆಯ ಹೋಲಿಕೆ. 1940ರ ದಶಕದಲ್ಲಿ ನ್ಯೂಯಾರ್ಕಿನ ಮಾಚಿತೋ ಮೇಳವು ಕ್ಯೂಬಾದ ಲಯಗಳನ್ನು ಜಾಸ್ ಸಂಗೀತದೊಡನೆ ಬೆರಸಿತು. 1969ರಲ್ಲಿ ಹವಾನಾದಲ್ಲಿ ಹ್ವಾನ್ ಫೋರ್ಮೆಲ್ ಸ್ಥಾಪಿಸಿದ ಲೋಸ್ ವಾನ್ ವಾನ್ ಮೇಳವು ವಿದ್ಯುತ್ ಗಿಟಾರನ್ನು ಬಳಸಿತು. ವಾದ್ಯಗಳು ಬದಲಾದರೂ ‘ಕ್ಲಾವೆ’ ಎಂಬ ಐದು ಪೆಟ್ಟುಗಳ ಲಯಸೂತ್ರವು ಉಳಿದುದರಿಂದ ಕುಣಿಯುವವರ ಹೆಜ್ಜೆ ತಪ್ಪಲಿಲ್ಲ.

ದೊಡ್ಡಾಟದಲ್ಲಿ ಈ ಸೂತ್ರದ ಸ್ಥಾನ ಮದ್ದಳೆಯ ನಡೆಯದು. ಅದಕ್ಕೆ ಒಗ್ಗಿದ ಮಟ್ಟು ಎಲ್ಲಿಯದಾದರೂ ಬಯಲಾಟದ ಸ್ವತ್ತೇ ಆಗುವುದು. ವೇಷಧಾರಿಯನ್ನು ನಿಲ್ಲಿಸಿ ಆಲಾಪಕ್ಕೆ ತೊಡಗುವ ಮಟ್ಟು ಎಷ್ಟೇ ಇಂಪಾಗಿದ್ದರೂ ಆಟವನ್ನು ಕಛೇರಿಯಾಗಿ ಮಾರ್ಪಡಿಸುವುದು. ಆದಕಾರಣ ಬಯಲಾಟದ ಪ್ರತಿಗಳನ್ನು ಸಂಪಾದಿಸುವವರು ಪದಗಳ ಮೇಲೆ ಬರೆದಿರುವ ರಾಗತಾಳಗಳ ಹೆಸರುಗಳನ್ನು ಕೈಬಿಡಲಾಗದು. ಅವನ್ನು ಕಳೆದರೆ ಉಳಿಯುವುದು ಸಾಹಿತ್ಯಮಾತ್ರ. ಕುಣಿತದ ಕುರುಹು ಅಳಿಯುವುದು.