ಬೈರಾದ ಬಿರುಗಾಳಿ ಮತ್ತು ಕಾಲರಾ

2019ರ ಮಾರ್ಚ್ 14ರ ರಾತ್ರಿ ‘ಇಡಾಯ್’ ಚಂಡಮಾರುತವು ಆಫ್ರಿಕದ ಮೊಜಾಂಬಿಕ್ ದೇಶದ ಬಂದರು ನಗರ ಬೈರಾದ ಮೇಲೆರಗಿತು. ಮೊಜಾಂಬಿಕ್, ಜಿಂಬಾಬ್ವೆ ಮತ್ತು ಮಲಾವಿಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಅಸುನೀಗಿದರು. ಹೊರನಾಡಿನಿಂದ ಮೊದಲಿಗೆ ನೆರವಿಗೆ ಧಾವಿಸಿದವುಗಳಲ್ಲಿ ನಮ್ಮ ನೌಕಾಪಡೆಯ ಸುಜಾತಾ, ಶಾರ್ದೂಲ್ ಹಡಗುಗಳೂ ಇದ್ದವೆಂಬುದು ಸಮಾಧಾನದ ಸಂಗತಿ.

ಯಾವುದೇ ಒಂದು ಚಂಡಮಾರುತಕ್ಕೆ ಭೂಮಿಯ ತಾಪವೃದ್ಧಿಯೊಂದನ್ನೇ ಹೊಣೆಯಾಗಿಸುವುದು ಸಲ್ಲದು. ಆದರೆ ಬೆಚ್ಚಗಾದ ಸಾಗರ ಹೆಚ್ಚು ಆವಿಯನ್ನು ಮೇಲಕ್ಕೆ ಕಳುಹಿಸುತ್ತದೆ. ಬಿಸಿಯಾದ ಗಾಳಿ ಹೆಚ್ಚು ನೀರನ್ನು ಹೊರುತ್ತದೆ. ಮಳೆ ಹಿಂದಿಗಿಂತ ಬಿರುಸಾಗುತ್ತದೆ. ತಗ್ಗಿನಲ್ಲಿರುವ ಬೈರಾದಂತಹ ನಗರಕ್ಕೆ ಇಷ್ಟೇ ಸಾಕು.

ಗಾಳಿ ನಿಂತ ಮೇಲೆ ನೀರಿನ ಸರದಿ. ಶೌಚಗುಂಡಿಗಳ ಹೊಲಸು ಬಾವಿಗಳೊಡನೆ ಬೆರೆಯಿತು. ನಲ್ಲಿಯ ನೀರು ನಿಂತಿತು. ಮಾರ್ಚ್ 27ರಂದು ಕಾಲರಾ ಪತ್ತೆಯಾಯಿತು. ಮುಂದಿನ ವಾರಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಈ ವಾಂತಿಭೇದಿಗೆ ತುತ್ತಾದರು. ಆದರೂ ಅದರಿಂದ ಮಡಿದವರು ಹತ್ತು ಮಂದಿಯೂ ಇಲ್ಲ! ಏಪ್ರಿಲ್ 3ರಿಂದ ಬಾಯಿಗೆ ಹಾಕುವ ಲಸಿಕೆಯನ್ನು ಕೆಲವೇ ದಿನಗಳಲ್ಲಿ 8 ಲಕ್ಷ ಜನರಿಗೆ ನೀಡಲಾಗಿತ್ತು. ಚಿಕಿತ್ಸಾ ಶಿಬಿರಗಳು, ಉಪ್ಪು ಸಕ್ಕರೆಯ ದ್ರಾವಣ, ಶುದ್ಧ ನೀರು ಸಕಾಲಕ್ಕೆ ಒದಗಿದ್ದವು. ಅಂದರೆ, ಬಿರುಗಾಳಿಯನ್ನು ತಡೆಯಲಾಗದಿದ್ದರೂ ಅದರ ಹಿಂದೆ ಬರುವ ಮರಣವನ್ನು ತಡೆಯಬಹುದು. ಆರೋಗ್ಯ ಕಾರ್ಯಕರ್ತರು ಮನೆಬಾಗಿಲಿಗೆ ನಿರ್ಭಯವಾಗಿ ಹೋಗುವಂತಿರಬೇಕು, ಅಷ್ಟೆ.

ಆ ‘ಅಷ್ಟೆ’ ಎಂಬುದು ಎಲ್ಲೆಡೆಯೂ ಇಲ್ಲ. ಆರು ವಾರಗಳ ತರುವಾಯ, ಏಪ್ರಿಲ್ 25ರಂದು, ‘ಕೆನೆತ್’ ಚಂಡಮಾರುತ ಅದೇ ದೇಶದ ಉತ್ತರದ ಕಾಬೊ ದೆಲ್ಗಾದೊ ಪ್ರಾಂತವನ್ನು ಧ್ವಂಸಗೊಳಿಸಿತು. ಅಲ್ಲಿ 2017ರ ಅಕ್ಟೋಬರಿನಿಂದಲೇ ಶಸ್ತ್ರಧಾರಿ ಉಗ್ರರ ದಾಳಿ ನಡೆದಿತ್ತು. ಆ ಹಿಂಸೆಯನ್ನು ಹುಟ್ಟಿಸಿದ್ದು ಹವಾಮಾನವಲ್ಲ. ಬಡತನ, ಆಡಳಿತದ ಉಪೇಕ್ಷೆ, ಉಗ್ರ ಬೋಧನೆ ಅದರ ಬೇರುಗಳು. ಆದರೆ ಬೆಳೆಯನ್ನೂ ದೋಣಿಯನ್ನೂ ಕಳೆದುಕೊಂಡವರ ಮೇಲೆ ಬಂದೂಕು ತಿರುಗಿದಾಗ ಉಳಿಯುವುದು ಊರು ಬಿಡುವ ದಾರಿಯೊಂದೇ. 2021ರ ಕೊನೆಗೆ ನಿರಾಶ್ರಿತರ ಸಂಖ್ಯೆ 7 ಲಕ್ಷ ಮೀರಿತ್ತು. ಆರೋಗ್ಯ ಕೇಂದ್ರಗಳು ಹಾಳುಬಿದ್ದವು. ಅಲ್ಲಿಯೂ ಕಾಲರಾ ಹಬ್ಬಿತು. ಈ ಜನರ ಗೋಳನ್ನು ಲೋಕಕ್ಕೆ ಸಾರಿದವರಲ್ಲಿ ಪೆಂಬಾದ ಅಂದಿನ ಧರ್ಮಾಧ್ಯಕ್ಷ ಲೂಯಿಜ್ ಫೆರ್ನಾಂಡೊ ಲಿಸ್ಬೋವಾ ಪ್ರಮುಖರು.

ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೋ ಸೀ’ ಪರಿಪತ್ರದಲ್ಲಿ ಮಲಿನ ಜಲದಿಂದ ಹರಡುವ ಕಾಲರಾವನ್ನೂ, ನಿಸರ್ಗ ಸಂಪತ್ತು ಬರಿದಾದಾಗ ಎದ್ದೇಳಬಹುದಾದ ಯುದ್ಧಗಳನ್ನೂ ಹೆಸರಿಸಿದ್ದರು. 2019ರ ಸೆಪ್ಟೆಂಬರಿನಲ್ಲಿ ಮಪುಟೊಗೆ ಬಂದಿಳಿದಾಗ ಎರಡೂ ಚಂಡಮಾರುತಗಳ ಸಂತ್ರಸ್ತರನ್ನು ನೆನೆದರು.

ಮೊಜಾಂಬಿಕಿನ ದೀರ್ಘ ಅಂತರ್ಯುದ್ಧ ಕೊನೆಗೊಂಡದ್ದು 1992ರ ಅಕ್ಟೋಬರ್ 4ರಂದು, ಅಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ದಿನ, ರೋಮಿನಲ್ಲಿ. ಸಂಧಾನಕಾರರಲ್ಲಿ ಒಬ್ಬರು ಬೈರಾದ ಮಹಾಧರ್ಮಾಧ್ಯಕ್ಷ ಜೈಮೆ ಗೊನ್ಸಾಲ್ವೆಸ್. ಆ ಶಾಂತಿ ಇರದಿದ್ದಲ್ಲಿ 2019ರಲ್ಲಿ ಆ ಲಸಿಕೆ ಬೈರಾದ ಮನೆಗಳನ್ನು ತಲುಪುತ್ತಿತ್ತೇ?

ಲಸಿಕೆಯ ದಾಸ್ತಾನಿಗೂ ಮಿತಿಯುಂಟು. ಅನೇಕ ದೇಶಗಳಲ್ಲಿ ಒಮ್ಮೆಲೇ ಕಾಲರಾ ಕಾಣಿಸಿಕೊಂಡದ್ದರಿಂದ 2022ರ ಅಕ್ಟೋಬರಿನಲ್ಲಿ ವಾಡಿಕೆಯ ಎರಡು ಡೋಸುಗಳ ಬದಲು ಒಂದನ್ನೇ ನೀಡಲು ತೀರ್ಮಾನಿಸಬೇಕಾಯಿತು. ಮರುವರ್ಷದ ಆರಂಭದಲ್ಲಿ ‘ಫ್ರೆಡ್ಡಿ’ ಚಂಡಮಾರುತ ಮೊಜಾಂಬಿಕಿಗೆ ಎರಡು ಬಾರಿ ಬಡಿಯಿತು.