ಸವಾರಿ ಬರುತ್ತಾ? ಉತ್ತರ ಹೇಳುವ ಮುನ್ನ

ಮುಂಬೈಯಲ್ಲಿ ನೆಲೆಸಿರುವ ನಮ್ಮೂರಿನ ಕುಟುಂಬಗಳಿಗೆ ಕುದುರೆಯ ಬೆನ್ನೇರುವ ಅವಕಾಶ ಸಿಗುವುದು ಕೆಲವೇ ಕಡೆ. ಜುಹು ಬೀಚಿನ ಮರಳು, ರಜೆಯಲ್ಲಿ ಹೋಗುವ ಮಾಥೆರಾನ್ ಬೆಟ್ಟ, ಸ್ವಲ್ಪ ಅನುಕೂಲ ಇದ್ದವರಿಗೆ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿರುವ ಅಮೆಚೂರ್ ರೈಡರ್ಸ್ ಕ್ಲಬ್. ಎಲ್ಲಿಗೇ ಹೋದರೂ ನಿಮಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: "ಪೆಹಲೆ ಕಭೀ ಬೈಠೇ ಹೋ?" ಮೊದಲು ಯಾವಾಗಲಾದರೂ ಕುದುರೆ ಹತ್ತಿದ್ದೀರಾ ಅಂತ. ನಮ್ಮಲ್ಲಿ ಬಹಳ ಮಂದಿ, ಅದರಲ್ಲೂ ಗಂಡಸರು, ಹೆಂಡತಿ ಮಕ್ಕಳ ಎದುರಿಗೆ ಕೊಡುವ ಉತ್ತರವೂ ಒಂದೇ: "ಹಾಂ ಹಾಂ, ಆತಾ ಹೈ."

ಆ ಪ್ರಶ್ನೆಯನ್ನು ಘೋಡೆವಾಲಾ ಸುಮ್ಮನೆ ಮಾತಿಗೆ ಕೇಳಿದ್ದಲ್ಲ. ನಿಮ್ಮ ಉತ್ತರದ ಮೇಲೆ ಅವನು ಮೂರು ವಿಷಯ ತೀರ್ಮಾನಿಸುತ್ತಾನೆ: ಯಾವ ಕುದುರೆ ಕೊಡಬೇಕು, ಹಗ್ಗ ತಾನು ಹಿಡಿದುಕೊಳ್ಳಬೇಕೋ ನಿಮ್ಮ ಕೈಗೇ ಬಿಡಬೇಕೋ, ಯಾವ ದಾರಿಯಲ್ಲಿ ಕರೆದುಕೊಂಡು ಹೋಗಬೇಕು. ಉತ್ತರ ಸುಳ್ಳಾದರೆ ಈ ಮೂರೂ ತಪ್ಪುತ್ತವೆ. ಮಾಥೆರಾನ್‌ನಲ್ಲಿ ಕುದುರೆಯಿಂದ ಬಿದ್ದು ಪ್ರವಾಸಿಗರು ಜೀವ ಕಳೆದುಕೊಂಡ ವರದಿಗಳು ಪತ್ರಿಕೆಗಳಲ್ಲಿ ಬಂದಿವೆ. ಹಾಗಾಗಿ ನಮ್ಮ ಸವಾರಿ ಎಷ್ಟು, ನಮ್ಮ ಧೈರ್ಯ ಎಷ್ಟು, ನಮ್ಮ ಮಿತಿ ಎಲ್ಲಿ ಎಂದು ಅಳೆದುಕೊಳ್ಳುವುದು ಶೋಕಿಯ ವಿಷಯವಲ್ಲ.

ಕುದುರೆ ನಮಗೆ ಹೊಸದೇನಲ್ಲ. ವಿಜಯನಗರದ ಕಾಲದಲ್ಲಿ ಅರಬಿ ಕುದುರೆಗಳು ಹಡಗಿನಲ್ಲಿ ಬಂದು ಇಳಿಯುತ್ತಿದ್ದ ಬಂದರುಗಳಲ್ಲಿ ನಮ್ಮ ಭಟ್ಕಳ, ಹೊನ್ನಾವರಗಳೂ ಸೇರಿದ್ದವು. ಸವಾರಿ, ಲಗಾಮು, ಜೀನು, ರಿಕಾಬು ಎಂದು ಕನ್ನಡದಲ್ಲಿ ನಾವು ಆಡುವ ಮಾತುಗಳೆಲ್ಲ ಪಾರಸಿ, ಅರಬಿಯಿಂದ ಬಂದವು. ಆದರೆ ಶಬ್ದ ಗೊತ್ತಿದ್ದ ಮಾತ್ರಕ್ಕೆ ವಿದ್ಯೆ ಬಂದ ಹಾಗಾಗುವುದಿಲ್ಲ. ಅಜ್ಜನ ಕಾಲದಲ್ಲಿ ಮನೆಯಲ್ಲಿ ಕುದುರೆಗಾಡಿ ಇತ್ತು ಎನ್ನುವುದೂ ನಿಮ್ಮ ಸವಾರಿಗೆ ಲೆಕ್ಕವಲ್ಲ.

ತನಗೆ ಬರುವುದಿಲ್ಲ ಎಂದು ಹೇಳಿದ ಸಹಾಬಿ

ಕುದುರೆಯ ಮೇಲೆ ಗಟ್ಟಿಯಾಗಿ ಕೂರಲು ಬಾರದು ಎಂದು ಒಪ್ಪಿಕೊಳ್ಳುವುದು ಅವಮಾನ ಎಂದು ಯಾರಾದರೂ ತಿಳಿದಿದ್ದರೆ ಅವರು ಜರೀರ್ ಬಿನ್ ಅಬ್ದುಲ್ಲಾ(ರ) ಅವರನ್ನು ನೆನಪಿಸಿಕೊಳ್ಳಬೇಕು. ಬುಖಾರಿ ಹದೀಸ್ ಸಂಗ್ರಹದಲ್ಲಿ ಅವರ ಮಾತು ದಾಖಲಾಗಿದೆ. ಪ್ರವಾದಿ(ಸ) ಅವರನ್ನು ಒಂದು ಕಾರ್ಯಕ್ಕೆ ಕಳುಹಿಸುತ್ತಾರೆ. ಜೊತೆಗೆ ಹೊರಟವರು ಅಹ್ಮಸ್ ಬುಡಕಟ್ಟಿನ 150 ಸವಾರರು, ಎಲ್ಲರೂ ಕುದುರೆಯಲ್ಲಿ ಪಳಗಿದವರು. ಅಂಥವರ ಮುಂದಾಳಾಗಿ ಹೊರಟ ಜರೀರ್(ರ), ತನಗೆ ಕುದುರೆಯ ಮೇಲೆ ಸ್ಥಿರವಾಗಿ ಕೂರಲು ಆಗುವುದಿಲ್ಲ ಎಂದು ಪ್ರವಾದಿ(ಸ)ರ ಬಳಿ ಹೇಳಿಕೊಂಡರು. ಪ್ರವಾದಿ(ಸ) ಗದರಲಿಲ್ಲ, ನಗಲಿಲ್ಲ. ಎದೆಗೆ ಕೈಯಿಂದ ತಟ್ಟಿ, ಅವರನ್ನು ಸ್ಥಿರಗೊಳಿಸುವಂತೆ ಅಲ್ಲಾಹನಲ್ಲಿ ಪ್ರಾರ್ಥಿಸಿದರು. ಆಮೇಲೆ ತಾನು ಕುದುರೆಯಿಂದ ಬೀಳಲಿಲ್ಲ ಎಂದು ಜರೀರ್(ರ) ಹೇಳಿದ್ದಾರೆ.

ಇಲ್ಲಿ ಗಮನಿಸಬೇಕಾದದ್ದು ಕ್ರಮ. ಮೊದಲು ಕೊರತೆ ಹೇಳಿಕೊಂಡರು, ಆಮೇಲೆ ಸಹಾಯ ಬಂತು. ಹೇಳದೇ ಹೋಗಿದ್ದರೆ?

ಇನ್ನೊಂದು ಹದೀಸ್ ಕುದುರೆಗಳ ಓಟದ್ದು. ಮದೀನಾದಲ್ಲಿ ಪ್ರವಾದಿ(ಸ) ಓಟದ ಸ್ಪರ್ಧೆ ಇಟ್ಟಾಗ ಚೆನ್ನಾಗಿ ತಯಾರು ಮಾಡಿದ ಕುದುರೆಗಳಿಗೆ ಐದಾರು ಮೈಲಿಯ ದಾರಿ. ತಯಾರಿಲ್ಲದ ಕುದುರೆಗಳಿಗೆ ಬನೂ ಝುರೈಕ್ ಮಸೀದಿಯವರೆಗೆ ಸುಮಾರು ಒಂದೇ ಮೈಲಿ. ತಯಾರಿ ಎಷ್ಟೋ ದೂರ ಅಷ್ಟು. ಕುದುರೆಗೇ ಈ ಲೆಕ್ಕ ಇರುವಾಗ ಮೇಲೆ ಕೂರುವವನಿಗೆ ಬೇಡವೇ?

ಸವಾರಿಯನ್ನು ಅಳೆಯುವುದು ಹೇಗೆ

ಹೆಚ್ಚಿನವರು ವೇಗದಿಂದ ಅಳೆಯುತ್ತಾರೆ. "ನಾನು ಕುದುರೆ ಓಡಿಸಿದ್ದೇನೆ" ಅನ್ನುತ್ತಾರೆ. ಓಡಿಸಿದ್ದು ನೀವೋ, ಅದೇ ಓಡಿದ್ದೋ? ಮುಂದಿನ ಕುದುರೆ ಓಡಿದರೆ ಹಿಂದಿನದು ತಾನಾಗಿಯೇ ಓಡುತ್ತದೆ, ಅದು ಹಿಂಡಿನ ಪ್ರಾಣಿ. ಲಾಯದ ಕಡೆ ತಿರುಗಿಸಿದರೆ ನಿಮ್ಮ ಅಪ್ಪಣೆ ಇಲ್ಲದೆಯೂ ಹೆಜ್ಜೆ ಚುರುಕಾಗುತ್ತದೆ. ಆದ್ದರಿಂದ ವೇಗ ಅಳತೆಗೋಲಲ್ಲ. ನಿಲ್ಲಿಸಲು ಬರುವುದು ಅಳತೆಗೋಲು. ಗುರುತು ಪರಿಚಯ ಇಲ್ಲದ ಕುದುರೆಯನ್ನು, ಯಾರೂ ಹಗ್ಗ ಹಿಡಿಯದೆ, ಯಾವ ವೇಗದಿಂದ ನೀವು ಹೇಳಿದ ಜಾಗದಲ್ಲಿ ನಿಲ್ಲಿಸಬಲ್ಲಿರೋ ಅಷ್ಟೇ ನಿಮ್ಮ ಸವಾರಿ. ಅದಕ್ಕಿಂತ ಮೇಲಿನದ್ದು ಕುದುರೆಯ ದಯೆ.

ಕುದುರೆಗೆ ನಾಲ್ಕು ನಡೆಗಳಿವೆ. ಮೊದಲನೆಯದು ನಡಿಗೆ. ಗಂಟೆಗೆ ಆರೇಳು ಕಿ.ಮೀ., ನಾಲ್ಕು ಗೊರಸಿನ ನಾಲ್ಕು ಸದ್ದು ಬೇರೆ ಬೇರೆಯಾಗಿ ಕೇಳುತ್ತದೆ. ಎರಡನೆಯದು ಟ್ರಾಟ್. ಒಂದು ಮುಂಗಾಲು, ಎದುರು ಬದಿಯ ಹಿಂಗಾಲು ಜೋಡಿಯಾಗಿ ಏಳುವುದರಿಂದ ಟಕ್ ಟಕ್ ಎಂದು ಎರಡೇ ತಾಳ. ಗಂಟೆಗೆ 13 ಕಿ.ಮೀ. ಆಸುಪಾಸು. ಮೂರನೆಯದು ಕ್ಯಾಂಟರ್, ಮೂರು ತಾಳ, 20 ಕಿ.ಮೀ. ಆಸುಪಾಸು. ಕೊನೆಯದು ನಾಗಾಲೋಟ, 40 ದಾಟುತ್ತದೆ.

ಹೊಸಬರನ್ನು ಬಯಲಿಗೆ ತರುವುದು ಟ್ರಾಟ್. ನಡಿಗೆಯಲ್ಲಿ ಯಾರು ಬೇಕಾದರೂ ಕೂರಬಹುದು, ಟ್ರಾಟ್ ಶುರುವಾದ ಕೂಡಲೇ ಸೊಂಟ ಎತ್ತಿ ಹಾಕುತ್ತದೆ. ಆಗ ಮೈ ಏನು ಮಾಡುತ್ತದೆ ನೋಡಿ. ಮೊಣಕಾಲು ಬಿಗಿಯುತ್ತದೆ, ಹಿಮ್ಮಡಿ ಮೇಲೇಳುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ಕೈ ಲಗಾಮನ್ನು ಜೋತುಬೀಳುವ ಹಗ್ಗದ ಹಾಗೆ ಹಿಡಿಯುತ್ತದೆ. ಹಿಮ್ಮಡಿ ಒತ್ತುವುದು ಕುದುರೆಗೆ 'ಮುಂದೆ ನಡೆ' ಎಂಬ ಸೂಚನೆ, ಲಗಾಮು ಎಳೆಯುವುದು 'ನಿಲ್ಲು' ಎಂಬ ಸೂಚನೆ. ಹೆದರಿದ ಸವಾರ ಎರಡನ್ನೂ ಒಟ್ಟಿಗೆ ಕೊಡುತ್ತಾನೆ. ಪಾಪ, ಅದಕ್ಕೆ ಏನು ಅರ್ಥವಾಗಬೇಕು? ಸಾಧು ಕುದುರೆಯಾದರೆ ಸಹಿಸಿಕೊಳ್ಳುತ್ತದೆ, ಇಲ್ಲದಿದ್ದರೆ ತಲೆ ಕೊಡವಿ ಓಡುತ್ತದೆ.

ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳಿವೆ. ಮನಸ್ಸಿನಲ್ಲೇ ಉತ್ತರಿಸಿ, ಯಾರಿಗೂ ತೋರಿಸಬೇಕಾಗಿಲ್ಲ.

ಹತ್ತುವ ಮುನ್ನ ಹೊಟ್ಟೆಯ ಪಟ್ಟಿ ಬಿಗಿಯಾಗಿದೆಯೇ ಎಂದು ನೋಡಲು ನಿಮಗೆ ಗೊತ್ತೇ? ರಿಕಾಬಿನ ಉದ್ದವನ್ನು ನಿಮ್ಮ ಕಾಲಿಗೆ ಸರಿ ಮಾಡಿಕೊಳ್ಳಲು ಬರುತ್ತದೆಯೇ? ಟ್ರಾಟ್‌ನಲ್ಲಿ ತಾಳಕ್ಕೆ ತಕ್ಕ ಹಾಗೆ ಎದ್ದು ಕೂರಲು, ಲಗಾಮಿಗೆ ಜೋತುಬೀಳದೆ, ಐದು ನಿಮಿಷ ಆಗುತ್ತದೆಯೇ? ಎಡಕ್ಕೂ ಬಲಕ್ಕೂ ತಿರುಗಿಸಿ, ಉಳಿದ ಕುದುರೆಗಳನ್ನು ಬಿಟ್ಟು ಬೇರೆ ದಾರಿಯಲ್ಲಿ ಒಯ್ಯಬಲ್ಲಿರಾ? ರಿಕಾಬು ಕಾಲಿನಿಂದ ಜಾರಿದರೆ ಗಾಬರಿಯಿಲ್ಲದೆ ಕೂತಿರಬಲ್ಲಿರಾ? ಕುದುರೆ ಕಿವಿಯನ್ನು ಹಿಂದಕ್ಕೆ ಮಡಚಿದರೆ ಅದು ಸಿಟ್ಟು, ಯಾವುದೋ ಕಡೆಗೆ ಕಿವಿ ನೆಟ್ಟು ಮೈ ಬಿಗಿದರೆ ಬೆದರಿಕೆ ಎಂದು ಓದಲು ಬರುತ್ತದೆಯೇ?

ಮೊದಲ ಎರಡಕ್ಕೇ 'ಇಲ್ಲ' ಎಂದಾದರೆ ನೀವು ಹೊಸಬರು. ಇಪ್ಪತ್ತು ಸಲ ಬೀಚಿನಲ್ಲಿ ಕೂತಿದ್ದರೂ ಹೊಸಬರೇ. ಹಗ್ಗ ಬೇರೆಯವನ ಕೈಯಲ್ಲಿದ್ದಾಗ ಸವಾರಿ ಮಾಡುವವನು ಅವನು, ನೀವು ಬರೀ ಪ್ರಯಾಣಿಕರು. ಹತ್ತು ವರ್ಷದ ಹಿಂದೆ ಕಲಿತು ಬಿಟ್ಟವರೂ ಜಾಗ್ರತೆ. ತಲೆಗೆ ಎಲ್ಲ ನೆನಪಿರುತ್ತದೆ, ತೊಡೆಗೆ ಸೊಂಟಕ್ಕೆ ನೆನಪಿರುವುದಿಲ್ಲ. ಅಂಥವರು ಒಂದು ಮೆಟ್ಟಿಲು ಕೆಳಗಿನಿಂದ ಶುರುಮಾಡುವುದು ಲೇಸು.

ಧೈರ್ಯ ಬೇರೆ, ಸಾಮರ್ಥ್ಯ ಬೇರೆ

ಇವೆರಡೂ ಒಟ್ಟೊಟ್ಟಿಗೆ ಬೆಳೆಯುವುದಿಲ್ಲ ಎಂಬುದೇ ತೊಂದರೆ. ಒಂದೇ ಸಾಧು ಕುದುರೆಯ ಮೇಲೆ ಹತ್ತು ಪಾಠ ಆದವನಿಗೆ ಧೈರ್ಯ ಸಾಮರ್ಥ್ಯಕ್ಕಿಂತ ಮುಂದೆ ಓಡಿರುತ್ತದೆ. ಅವನು ಕಲಿತದ್ದು ಸವಾರಿಯನ್ನಲ್ಲ, ಆ ಒಂದು ಕುದುರೆಯನ್ನು. ಕುದುರೆ ಬದಲಾಯಿಸಿದ ದಿನ ಅದು ಗೊತ್ತಾಗುತ್ತದೆ. ಹಾಗಾಗಿ ತರಬೇತಿ ಪಡೆಯುವವರು ಬೇರೆ ಬೇರೆ ಕುದುರೆ ಕೊಡಿ ಎಂದು ಗುರುಗಳನ್ನು ತಾವೇ ಕೇಳಬೇಕು.

ಇದರ ಉಲ್ಟಾ ಕೂಡ ಉಂಟು. ಒಮ್ಮೆ ಬಿದ್ದವರಿಗೆ ಸಾಮರ್ಥ್ಯ ಇದ್ದರೂ ಧೈರ್ಯ ಇರುವುದಿಲ್ಲ. "ಕುದುರೆ ಕಂಡರೆ ಕಾಲುನೋವು" ಎಂಬ ಗಾದೆ ಸೋಮಾರಿಗಳ ಬಗ್ಗೆ ಹುಟ್ಟಿದ್ದು. ಬಿದ್ದವರಿಗೆ ಬರುವ ಕಾಲುನೋವು ಸೋಮಾರಿತನವಲ್ಲ, ಮೈಯ ನೆನಪು. ಅಂಥವರನ್ನು "ಹೆದರುಪುಕ್ಕ" ಎಂದು ಕುಟುಂಬದವರು ಗೇಲಿ ಮಾಡಬಾರದು. ಆವರಣದೊಳಗೆ, ಸಾಧು ಕುದುರೆ, ಬರೀ ನಡಿಗೆ, ಹದಿನೈದು ನಿಮಿಷ. ಮನಸ್ಸು ಬೇಸರದಿಂದ ಆಕಳಿಸುವವರೆಗೆ ಅಷ್ಟೇ ಮಾಡಿ, ಆಮೇಲೆ ಮುಂದೆ ಹೋಗಿ.

ಹೆದರಿಕೆಯನ್ನು ಪೂರ್ತಿ ಬಿಡಬೇಕು ಎಂದೂ ಇಲ್ಲ. 400 ಕಿಲೋ ತೂಗುವ ಪ್ರಾಣಿಯ ಮೇಲೆ ಕೂತಾಗ ನಿಮ್ಮ ತಲೆ ನೆಲದಿಂದ ಏಳೆಂಟು ಅಡಿ ಎತ್ತರದಲ್ಲಿರುತ್ತದೆ. ಒಂದಿಷ್ಟು ಅಂಜಿಕೆ ಇರುವುದೇ ಬುದ್ಧಿ. ಉಸಿರು ಕಟ್ಟಿಸುವ ಅಂಜಿಕೆ ಇದ್ದರೆ ಮಾತ್ರ ಆ ದಿನ ಇಳಿಯುವುದು ಒಳ್ಳೆಯದು.

ಮಿತಿ ಎಲ್ಲಿದೆ?

ಮಿತಿ ಎನ್ನುವುದು ನಿಮ್ಮ ಮೈಯಲ್ಲಿ ಮಾತ್ರ ಇರುವುದಲ್ಲ. ಜಾಗ ಬದಲಾದ ಹಾಗೆ ಅದೂ ಬದಲಾಗುತ್ತದೆ. ಬೇಲಿ ಹಾಕಿದ ಆವರಣದಲ್ಲಿ ಕ್ಯಾಂಟರ್ ಮಾಡುವವರು ಜುಹುವಿನಲ್ಲಿ ನಡಿಗೆಗೆ ಇಳಿಯಬೇಕಾಗಬಹುದು. ಅಲೆ, ಬಲೂನು, ಬೀದಿನಾಯಿ, ಗಾಳಿಪಟ, ಓಡಾಡುವ ಮಕ್ಕಳು, ಇದರಲ್ಲಿ ಯಾವುದಕ್ಕೂ ಕುದುರೆ ಬೆದರಬಹುದು. ಅದಕ್ಕೆ ಸುತ್ತಲೂ ಕಾಣುತ್ತದೆ, ಆದರೆ ಮೂಗಿನ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಕಾಣುವುದಿಲ್ಲ. ಹಿಂದಿನಿಂದ ಸದ್ದು ಬಂದರೆ ಮೊದಲು ಜಿಗಿಯುತ್ತದೆ, ಆಮೇಲೆ ನೋಡುತ್ತದೆ.

ಮಾಥೆರಾನ್ ಇನ್ನೂ ಬೇರೆ. ಮೋಟಾರು ವಾಹನಗಳಿಗೆ ನಿಷೇಧ ಇರುವ ಊರು. ನೇರಳ್‌ನಿಂದ ಮೇಲೇರುವ ಪುಟ್ಟ ರೈಲನ್ನು 1907ರಲ್ಲಿ ಮುಗಿಸಿದವರು ಮುಂಬೈಯ ಆದಮ್‌ಜೀ ಪೀರ್‌ಭಾಯ್ ಕುಟುಂಬದವರು. ರಸ್ತೆಯಲ್ಲಿ ಬಂದವರು ದಸ್ತೂರಿ ನಾಕಾದಲ್ಲಿ ಕಾರು ಬಿಟ್ಟ ಮೇಲೆ ಕುದುರೆಯವರು ಸುತ್ತುವರಿಯುತ್ತಾರೆ. ಅಲ್ಲಿಂದ ಮುಂದೆ ನಮ್ಮ ಕರಾವಳಿಯಂಥದ್ದೇ ಕೆಮ್ಮಣ್ಣಿನ ದಾರಿ, ಕೆಲವು ಕಡೆ ಒಂದು ಬದಿಗೆ ಪ್ರಪಾತ. ಮಳೆಗಾಲದಲ್ಲಿ ಮಣ್ಣು ಜಾರುತ್ತದೆ, ನುಣುಪಾದ ಹಾಸುಗಲ್ಲಿನ ಮೇಲೆ ಲಾಳ ಹೊಡೆದ ಗೊರಸು ಜಾರುತ್ತದೆ. ಕುದುರೆ ಓಟ ಕಿತ್ತಾಗ ಮಾಡುವ ಉಪಾಯ ಎಂದರೆ ಹಿಂದಕ್ಕೆ ಗಟ್ಟಿಯಾಗಿ ಕೂತು, ಎರಡೂ ಲಗಾಮನ್ನು ಒಂದೇ ಸಮನೆ ಎಳೆಯದೆ, ಒಂದನ್ನು ಮೆಲ್ಲನೆ ಪಕ್ಕಕ್ಕೆಳೆದು ದೊಡ್ಡ ಸುತ್ತು ಹಾಕಿಸಿ ಅದನ್ನು ಚಿಕ್ಕದು ಮಾಡುತ್ತಾ ಬರುವುದು. ಆರಡಿ ಅಗಲದ ದಾರಿಯಲ್ಲಿ ಸುತ್ತು ಹಾಕಿಸುವುದೆಲ್ಲಿ? ಆದ್ದರಿಂದಲೇ ಅಲ್ಲಿ ಹಗ್ಗ ಹಿಡಿಯುವ ಮನುಷ್ಯ ಬೇಕು, ಅವನು ಫೋನಿನಲ್ಲಿ ಮಾತಾಡುತ್ತಾ ಹಿಂದೆ ಉಳಿದರೆ ಕರೆದು ಹಿಡಿಸಬೇಕು. "ಥೋಡಾ ಭಗಾವೂಂ?" ಎಂದು ಕೇಳಿದರೆ ಬೇಡ ಅನ್ನಿ.

ತೂಕವೂ ಮಿತಿಯೇ. ಜೀನು ಸೇರಿ ಹೊರೆ ಕುದುರೆಯ ತೂಕದ ಐದರಲ್ಲೊಂದು ಪಾಲು ಮೀರಬಾರದು ಎಂಬುದು ಸಾಮಾನ್ಯ ಲೆಕ್ಕ. 300 ಕಿಲೋದ ಸಣ್ಣ ಕುದುರೆಗೆ ಅದು 60 ಕಿಲೋ. 85 ಕಿಲೋದ ನಾವು ಅದರ ಮೇಲೆ ಕೂತು ಬೆಟ್ಟ ಹತ್ತಿಸುವುದು ಆ ಮೂಕಪ್ರಾಣಿಗೆ ಮಾಡುವ ಅನ್ಯಾಯ. ದೊಡ್ಡ ಕುದುರೆ ಕೇಳಿ, ಇಲ್ಲದಿದ್ದರೆ ನಡೆಯಿರಿ. ಮಗುವನ್ನು ಮುಂದೆ ಕೂರಿಸಿಕೊಂಡು ಇಬ್ಬರು ಒಂದೇ ಕುದುರೆ ಹತ್ತುವುದನ್ನಂತೂ ಬಿಟ್ಟುಬಿಡಿ. ಬಿದ್ದರೆ ಮಗು ನಿಮ್ಮ ಅಡಿಯಲ್ಲಿರುತ್ತದೆ.

ಉಡುಪಿನ ಮಾತು. ಚಪ್ಪಲಿ ಬೇಡ, ಸಣ್ಣ ಹಿಮ್ಮಡಿ ಇರುವ ಶೂ ಇದ್ದರೆ ಪಾದ ರಿಕಾಬಿನೊಳಗೆ ನುಗ್ಗಿ ಸಿಕ್ಕಿಕೊಳ್ಳುವುದಿಲ್ಲ. ಹೆಣ್ಣುಮಕ್ಕಳು ಬುರ್ಖಾದ ಅಂಚು, ದುಪಟ್ಟಾದ ತುದಿ ಹಾರಾಡದ ಹಾಗೆ ನೋಡಿಕೊಳ್ಳಬೇಕು. ಜೀನಿಗೆ ಸಿಕ್ಕರೆ ಇಳಿಯುವಾಗ ಎಳೆದು ಬೀಳಿಸುತ್ತದೆ, ಫಡಫಡ ಎಂದರೆ ಕುದುರೆ ಬೆದರುತ್ತದೆ. ಒಳಗೆ ಪ್ಯಾಂಟು, ಮೇಲೆ ಮೊಣಕಾಲಿನವರೆಗಿನ ಸಡಿಲ ಕುರ್ತಾ, ತಲೆಗೆ ಒತ್ತಿ ಕಟ್ಟಿದ ಸ್ಕಾರ್ಫ್, ಅದರ ಮೇಲೆ ಹೆಲ್ಮೆಟ್. ಪರದೆಗೂ ಕೊರತೆ ಇಲ್ಲ, ಸವಾರಿಗೂ ಅಡ್ಡಿಯಿಲ್ಲ. ಹೆಲ್ಮೆಟ್ ಕೊಡದಿದ್ದರೆ, ಕೊಟ್ಟದ್ದು ತಲೆಯಲ್ಲಿ ಅಲ್ಲಾಡುತ್ತಿದ್ದರೆ ಹತ್ತಬೇಡಿ. ಗರ್ಭಿಣಿಯರು, ಮೂಳೆ ಸವೆದವರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ವೈದ್ಯರನ್ನು ಕೇಳದೆ ಹತ್ತಬಾರದು. ನೋಡುವವರಿಗೆ ಚಿಕ್ಕ ಪೆಟ್ಟು, ಅವರಿಗೆ ಅದು ದೊಡ್ಡದು.

ಕಲಿಯುವ ಮನಸ್ಸಿದ್ದವರು ಬೀಚಿನಲ್ಲಿ ಕಲಿಯಲು ಹೋಗಬೇಡಿ. ಆವರಣ, ಗುರು, ಸಾಧು ಕುದುರೆ ಮೂರೂ ಇರುವ ಕಡೆ ಹೋಗಿ. ಪ್ರತಿ ಪಾಠದ ಕೊನೆಗೆ "ನಾನು ಈಗ ಎಲ್ಲಿದ್ದೇನೆ, ಯಾವುದು ಬರುತ್ತಿಲ್ಲ?" ಎಂದು ಗುರುವನ್ನು ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಬಗ್ಗೆ ನಾವು ಹಾಕುವ ಮಾರ್ಕಿಗಿಂತ ಅವರ ಮಾರ್ಕು ಸಾಮಾನ್ಯವಾಗಿ ಸತ್ಯಕ್ಕೆ ಹತ್ತಿರ ಇರುತ್ತದೆ.

ಮಕ್ಕಳ ಎದುರಿಗೆ "ನನಗೆ ಬರೋದಿಲ್ಲ, ನೀವೇ ಹಿಡ್ಕೊಳ್ಳಿ ಭಾಯಿ" ಎಂದು ಹೇಳಿದರೆ ಮರ್ಯಾದೆ ಏನೂ ಹೋಗುವುದಿಲ್ಲ. ಬದಲಿಗೆ ಮಕ್ಕಳು ಒಂದು ವಿಷಯ ಕಲಿಯುತ್ತಾರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬಹುದು ಅಂತ. ನಾಳೆ ಅವರು ಬೈಕಿನ ಮೇಲೆ ಕೂತಾಗ, ಸಮುದ್ರಕ್ಕೆ ಇಳಿದಾಗ ಆ ಪಾಠ ಕೆಲಸಕ್ಕೆ ಬರುತ್ತದೆ.